ಧಮ್ ಧಮ್ ಬೇಡ, ತಂಬೂರಿ ಕೇಳಿಸಿದರೆ ಸಾಕು: ಆಡಿಯೋ-ಟೆಕ್ನಿಕಾ ಎಂ20ಎಕ್ಸ್

ನನ್ನ ಹಳೆ ಬ್ಲೂಟೂತ್ ಹೆಡ್‌ಫೋನಿನ ಬ್ಯಾಟರಿ ಎರಡೇ ವರ್ಷಕ್ಕೆ ಸತ್ತಿತು. ಕಂಪನಿ ಹೆಸರು ಬೇಡ ಬಿಡಿ. ಇಯರ್‌ಪ್ಯಾಡಿನ ಕಪ್ಪು ಸಿಪ್ಪೆ ಉದುರಿ ದಿಂಬಿಗೆ, ಕೂದಲಿಗೆ, ಎಲ್ಲದಕ್ಕೂ ಅಂಟಿಕೊಳ್ಳುತ್ತಿತ್ತು. ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಯಾವ ಹಾಡು ಹಾಕಿದರೂ ಗಣಪತಿ ಪೆಂಡಾಲಿನ ಸ್ಪೀಕರ್ ಪಕ್ಕ ನಿಂತ ಹಾಗೆ ಧಮ್ ಧಮ್. ಮಲ್ಲಿಕಾರ್ಜುನ ಮನ್ಸೂರರ ಹಳೆ ರೆಕಾರ್ಡಿಂಗ್ ಹಾಕಿದರೆ ಎಡಗೈ ತಬಲಾ ಮುಂದೆ ಬಂದು ಕೂರುತ್ತಿತ್ತು, ತಂಬೂರಿಯನ್ನು ಹುಡುಕಬೇಕಿತ್ತು.

ಈ ಸಲ ವೈರ್ ಇರುವುದೇ ಬೇಕು ಅಂತ ಹಟ ಹಿಡಿದೆ. ಬ್ಲೂಟೂತ್‌ನಲ್ಲಿ ಬ್ಯಾಟರಿ, ಚಿಪ್ಪು, ಮೈಕು ಎಲ್ಲಕ್ಕೂ ಅದೇ ದುಡ್ಡಿನಲ್ಲೇ ಪಾಲು ಹೋಗಬೇಕು. ಮನೆಯಲ್ಲಿ ಕುರ್ಚಿ ಮೇಲೆ ಕೂತು ಕೇಳುವವನಿಗೆ ಅದೆಲ್ಲ ಯಾಕೆ?

ಮೊದಲು ಕಣ್ಣಿಗೆ ಬಿದ್ದದ್ದು ಸೋನಿಯ ಝಡ್‌ಎಕ್ಸ್110. ಸಾವಿರ ರೂಪಾಯಿ ಆಸುಪಾಸು, ಹಗುರ, ಆ ದುಡ್ಡಿಗೆ ಮೋಸವಿಲ್ಲ. ಆದರೆ 30 ಎಂಎಂ ಡ್ರೈವರಿನ (ಒಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಚಿಕ್ಕ ಹೆಡ್‌ಫೋನ್, ಕಿವಿಯನ್ನು ಮುಚ್ಚುವುದಿಲ್ಲ, ಕಿವಿ ಮೇಲೆ ಕೂರುತ್ತದೆ. ನನ್ನ ಹಾಗೆ ಕನ್ನಡಕ ಹಾಕುವವರಿಗೆ ಈ ಥರದ್ದು ಗಂಟೆಗಟ್ಟಲೆ ಆಗುವುದಿಲ್ಲ, ಕಡ್ಡಿ ಒತ್ತಿ ಕಿವಿ ನೋಯುತ್ತದೆ. ಓಪನ್ ಬ್ಯಾಕ್, ಅಂದರೆ ಹಿಂಬದಿ ತೆರೆದಿರುವುದು, ತಗೋ ಅಂತ ಗೆಳೆಯನೊಬ್ಬ ಹೇಳಿದ. ಚೆನ್ನಾಗಿರುತ್ತದೆ, ನಿಜ. ಆದರೆ ಅದರಲ್ಲಿ ಕುಕ್ಕರ್ ಸೀಟಿ ಒಳಗೆ ಬರುತ್ತದೆ, ನನ್ನ ಹಾಡು ಹೊರಗೆ ಹೋಗುತ್ತದೆ. ನಮ್ಮ ಎರಡು ರೂಮಿನ ಮನೆಗೆ ಅದು ಜಗಳದ ಮೂಲ.

ಕೊನೆಗೆ ತಗೊಂಡಿದ್ದು ಎಂ20ಎಕ್ಸ್. ಕಿವಿ ಸುತ್ತ ಕೂರುವ, ಹಿಂಬದಿ ಮುಚ್ಚಿದ ಮಾದರಿ, 40 ಎಂಎಂ ಡ್ರೈವರ್. 47 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ) ಅಂತ ಬರೆದಿರುವುದನ್ನು ನೋಡಿ ಆಂಪ್ಲಿಫೈಯರ್ ಬೇಕೇನೋ ಅಂತ ಹೆದರಬೇಡಿ, ಫೋನೇ ಸಾಕು. ಮೊದಲ ಎರಡು ದಿನ ಉಪ್ಪು ಕಮ್ಮಿ ಇರುವ ಸಾರಿನ ಹಾಗೆ ಅನ್ನಿಸಿತು, ಸುಮ್ನೆ ದುಡ್ಡು ಹಾಕಿದೆನಾ ಅಂತ ಹೊಟ್ಟೆ ಉರಿಯಿತು ಕೂಡ. ಕಿವಿಗೆ ಆ ಧಮ್ ಧಮ್ ಬಾಸ್ ಚಟ ಬಿಡಬೇಕಲ್ಲ! ಮೂರನೇ ಸಂಜೆ ಅದೇ ಮನ್ಸೂರರನ್ನು ಹಾಕಿದೆ. ತಂಬೂರಿಯ ಝೇಂಕಾರ ಹಿಂದೆ ಒಂದೇ ಸಮ ನಿಂತಿದೆ, ದನಿ ಅದರ ಮುಂದೆ, ತಬಲಾ ತನ್ನ ಜಾಗದಲ್ಲಿ. ಹಳೆ ಟೇಪಿನ ಸರಸರ ಸದ್ದೂ ಕೇಳುತ್ತದೆ, ಅದು ಬೇರೆ ಮಾತು. ಕಾಲೇಜು ದಿನಗಳಿಂದ ಕೂಡಿಟ್ಟಿದ್ದ, ಗುಣಮಟ್ಟ ಕಮ್ಮಿಯ 64 ಕೆಬಿಪಿಎಸ್ ಎಂಪಿ3ಗಳಂತೂ ಈಗ ಕೇಳುವ ಹಾಗಿಲ್ಲ, ಅರ್ಧ ಅಳಿಸಿದೆ.

ಕೇಬಲ್ 3 ಮೀಟರ್ ಉದ್ದ, ಬಿಚ್ಚಲು ಬರುವುದಿಲ್ಲ. ಕಂಪ್ಯೂಟರಿಗೆ ಸರಿ, ಫೋನಿಗೆ ಜಾಸ್ತಿ ಆಯಿತು, ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಬಿಚ್ಚಿ ಬದಲಾಯಿಸುವ ಕೇಬಲ್ ಬೇಕಿದ್ದರೆ ಅದೇ ಕಂಪನಿಯ ಎಂ40ಎಕ್ಸ್‌ಗೆ ಹೋಗಬೇಕು, ದುಡ್ಡೂ ಏರುತ್ತದೆ. ಬೇಸಿಗೆಯಲ್ಲಿ ಕಿವಿ ಬೆವರುವುದು ಈ ಮುಚ್ಚಿದ ಜಾತಿಗೆಲ್ಲ ಇದ್ದದ್ದೇ.

ಅಂಗಡಿಯಲ್ಲಿ ಕೇಳಿ ನೋಡುವುದಾದರೆ ನಿಮಗೆ ಬಾಯಿಪಾಠ ಆಗಿರುವ ಹಾಡನ್ನೇ ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಅವರು ಹಾಕುವ ಡೆಮೋ ಹಾಡು ಬೇಡ. ಎರಡು ಹೆಡ್‌ಫೋನ್ ಹೋಲಿಸುವಾಗ ಸದ್ದನ್ನು ಒಂದೇ ಮಟ್ಟಕ್ಕೆ ತನ್ನಿ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ.

ಇನ್ನೊಂದು ವಿಷಯ. ನಿಮ್ಮ ಫೋನಿನಲ್ಲಿ 3.5 ಎಂಎಂ ತೂತು ಇಲ್ಲವಾದರೆ ಟೈಪ್-ಸಿ ಡಾಂಗಲ್ ಬೇಕಾಗುತ್ತದೆ, ಅಲ್ವಾ? ಅದರಲ್ಲಿ ಎರಡು ಜಾತಿ. ಒಂದರೊಳಗೆ ಡಿಜಿಟಲ್ ಹಾಡನ್ನು ಹೆಡ್‌ಫೋನಿಗೆ ಬೇಕಾದ ಸಿಗ್ನಲ್ ಮಾಡುವ ಡಿಎಸಿ ಚಿಪ್ಪು ಇರುತ್ತದೆ, ಇನ್ನೊಂದು ಬರೀ ವೈರು, ಅದು ಎಷ್ಟೋ ಫೋನುಗಳಲ್ಲಿ ಉಸಿರೇ ಎತ್ತುವುದಿಲ್ಲ. ನಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಕೇಳದೆ ಬರೀ ವೈರಿನದ್ದನ್ನು ತಂದು, ಬದಲಾಯಿಸಲು ಮತ್ತೆ ಹೋದೆ. ಆಟೋ ಬಾಡಿಗೆ ಡಾಂಗಲ್‌ಗಿಂತ ಜಾಸ್ತಿ ಆಯಿತು.