ಸಫಾರಿ ಬ್ಯಾಗಿಗೆ ಮೊದಲು ಬೈನಾಕ್ಯುಲರ್: ನಿಕಾನ್ ಅಕ್ಯುಲಾನ್ 8×42 ಹೇಗಿದೆ?

ನಮ್ಮ ಮಂಗಳೂರು ಕಡೆಯಿಂದ ಸಫಾರಿಗೆ ಹೊರಟವರ ಬ್ಯಾಗ್ ನೋಡಿದರೆ ಟೋಪಿ, ಪವರ್ ಬ್ಯಾಂಕ್, ಚಕ್ಕುಲಿ, ಬಾಳೆಕಾಯಿ ಚಿಪ್ಸ್ ಎಲ್ಲ ಇರುತ್ತದೆ, ಬೈನಾಕ್ಯುಲರ್ ಮಾತ್ರ ಇರುವುದಿಲ್ಲ. ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಹುಣಸೂರು ದಾಟಿ ಕಬಿನಿವರೆಗೆ ಹೋಗಿ, ಸಫಾರಿಗೆ ಸಾವಿರಗಟ್ಟಲೆ ಕೊಟ್ಟು, ಕೊನೆಗೆ "ಅಲ್ಲೇನೋ ಕಪ್ಪಗೆ ಕಾಣ್ತಿದೆ" ಅಂತ ಫೋನ್ ಜೂಮ್ ಮಾಡುತ್ತಾ ಕೂರುವುದು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅದಕ್ಕೇ ನಾನು ಬಳಸುವ ನಿಕಾನ್ ಅಕ್ಯುಲಾನ್ ಎ211 ಬಗ್ಗೆ ಬರೆಯುತ್ತಿದ್ದೇನೆ.

8×42 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಅಂಗಡಿಯಲ್ಲಿ 12, 16 ಪಟ್ಟಿನದ್ದು ತೋರಿಸಿದರೆ ಮರುಳಾಗಬೇಡಿ. ಪಟ್ಟು ಜಾಸ್ತಿ ಆದಷ್ಟೂ ಕೈಯ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಅದರ ಮೇಲೆ ಜೀಪಿನ ಇಂಜಿನ್ ಬೇರೆ ಗಡಗಡ ಅನ್ನುತ್ತಿರುತ್ತದೆ. ಕಾಣುವ ಜಾಗವೂ ಕಿರಿದಾಗುತ್ತದೆ. ಈ ಅಕ್ಯುಲಾನ್‌ನಲ್ಲಿ ಸಾವಿರ ಮೀಟರ್ ದೂರದಲ್ಲಿ ಸುಮಾರು 140 ಮೀಟರ್ ಅಗಲ ಒಟ್ಟಿಗೆ ಕಾಣುತ್ತದೆ. ಹತ್ತಿರದಲ್ಲಿ ಹುಲಿ ಇದೆ ಅಂತ ಜಿಂಕೆ ಕೂಗಿತು, ಡ್ರೈವರ್ ಗಾಡಿ ನಿಲ್ಲಿಸಿದರು, ಯಾವ ಪೊದೆ ಅಂತ ಯಾರಿಗೂ ಗೊತ್ತಿಲ್ಲ. ಆಗ ಲಂಟಾನದ ಪೊದೆಗಳನ್ನು ಒಂದೊಂದಾಗಿ ಬೇಗ ಬೇಗ ಹುಡುಕಬೇಕಲ್ವಾ? ಈ ಅಗಲ ಇದ್ದರೇ ಅದು ಆಗುವುದು. ಬೆಳಗಿನ ಸಫಾರಿಯ ಮಬ್ಬು ಬೆಳಕಿಗೂ 42ರ ಗಾಜು ಸಾಕು.

ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು, ದಡದಲ್ಲಿ ಹಸಿರು ಹುಲ್ಲು ಬಂದಿರುತ್ತದೆ, ಆನೆಗಳು ಅಲ್ಲಿಗೆ ಬರುತ್ತವೆ. ಬರಿಗಣ್ಣಿಗೆ ಅವು ಸುಮ್ನೆ ನಿಂತು ಮೇಯುವ ಹಾಗೆ ಕಾಣುತ್ತವೆ. ಇದನ್ನು ಕಣ್ಣಿಗಿಟ್ಟು ನೋಡಿ. ಮುಂಗಾಲಿನ ಉಗುರಿನಿಂದ ಹುಲ್ಲನ್ನು ಒದ್ದು ಕೀಳುತ್ತದೆ, ಸೊಂಡಿಲಲ್ಲಿ ಹಿಡಿಯುತ್ತದೆ, ಬೇರಿನ ಮಣ್ಣು ಉದುರಲಿ ಅಂತ ಕಾಲಿಗೆ ಎರಡು ಸಲ ಬಡಿಯುತ್ತದೆ, ಆಮೇಲೆ ಬಾಯಿಗೆ ಹಾಕುತ್ತದೆ. ಹುಲಿ ಕಾಣದ ದಿನವೂ ಇಂಥದ್ದನ್ನು ನೋಡಿದರೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸುತ್ತದೆ.

ಕೊರತೆಗಳೂ ಇವೆ. ತೂಕ 755 ಗ್ರಾಂ, ಕುತ್ತಿಗೆಗೆ ನೇತುಹಾಕಿಕೊಂಡರೆ ಎರಡನೇ ಗಂಟೆಗೆ ನೋವು ಶುರು. ಅಗಲದ ಪಟ್ಟಿ ಹಾಕಿಸಿ, ಇಲ್ಲವಾದರೆ ಮಡಿಲಲ್ಲಿಟ್ಟುಕೊಳ್ಳಿ. ನೀರು ತಡೆಯುವ ಮಾದರಿ ಅಲ್ಲ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಕುದುರೆಮುಖ ಕಡೆ ಸುತ್ತುವವರು ಇದನ್ನು ತಗೊಳ್ಳಬೇಡಿ, ಸ್ವಲ್ಪ ಹೆಚ್ಚು ಕೊಟ್ಟು ವಾಟರ್‌ಪ್ರೂಫ್ ಇರುವುದನ್ನೇ ತಗೊಳ್ಳಿ. ಮಂಗಳೂರು, ಉಡುಪಿಯವರು ಇನ್ನೊಂದು ವಿಷಯ ಖಂಡಿತ ಗಮನಿಸಬೇಕು: ನಮ್ಮ ಹವೆಯ ತೇವಕ್ಕೆ ಗಾಜಿನ ಒಳಗೆ ಫಂಗಸ್ ಬರುತ್ತದೆ. ಜೇಡರ ಬಲೆಯಂಥ ಎಳೆಗಳು ಒಮ್ಮೆ ಹರಡಿದರೆ ಮನೆಯಲ್ಲಿ ಒರೆಸಿ ತೆಗೆಯಲು ಆಗುವುದಿಲ್ಲ. ಬೈನಾಕ್ಯುಲರ್ ಅನ್ನು ಅದರ ಜೊತೆ ಬರುವ ಬಟ್ಟೆಯ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಡಲೇಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು. ಮಳೆಗಾಲದಲ್ಲಿ ಆಗಾಗ ಪೊಟ್ಟಣ ಬದಲಿಸಿ.

ಉಳಿದ ಸಾಮಾನಿಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. ಖಾಕಿ, ಕಂದು, ಮಾಸಲು ಹಸಿರು ಬಣ್ಣದ ಹತ್ತಿ ಬಟ್ಟೆ ಮನೆಯಲ್ಲೇ ಇರುತ್ತದೆ, ಬಿಳಿ ಮಾತ್ರ ಬೇಡ. ಸೆಂಟ್ ಹಾಕಿಕೊಂಡು ಹೋಗಬೇಡಿ. ಡಿಸೆಂಬರ್, ಜನವರಿಯಲ್ಲಿ ಹೋಗುವುದಾದರೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಖಂಡಿತ ಬೇಕು. ನಮ್ಮ ಊರಲ್ಲಿ ಅದರ ಅಗತ್ಯ ಬೀಳುವುದೇ ಇಲ್ಲ, ಅದಕ್ಕೇ ಮರೆತುಹೋಗುತ್ತದೆ, ತೆರೆದ ಜೀಪಿನ ಬೆಳಗಿನ ಗಾಳಿಗೆ ಕೈ ಮರಗಟ್ಟಿದರೆ ಫೋಕಸ್ ತಿರುಗಿಸಲೂ ಆಗುವುದಿಲ್ಲ. ನೀರಿಗೆ ಸ್ಟೀಲ್ ಬಾಟಲಿ. ಮತ್ತೆ ಒಂದು ಬೈರಾಸು (ಟವೆಲ್): ಧೂಳೆದ್ದಾಗ ಬೈನಾಕ್ಯುಲರಿಗೆ ಹೊದಿಸಬಹುದು, ಮಡಚಿ ಜೀಪಿನ ಕಂಬಿ ಮೇಲಿಟ್ಟು ಮೊಣಕೈ ಊರಿದರೆ ನೋಟ ಅಲುಗಾಡುವುದು ಎಷ್ಟೋ ಕಡಿಮೆಯಾಗುತ್ತದೆ. ಗಾಜನ್ನು ಮಾತ್ರ ಅದರಲ್ಲಿ ಒರೆಸಬೇಡಿ, ಧೂಳಿನ ಕಣ ಗೀರು ಹಾಕುತ್ತದೆ.

ಕನ್ನಡಕ ಹಾಕುವವರು ಇದನ್ನು ಆನ್‌ಲೈನ್‌ನಲ್ಲಿ ತರಿಸುವ ಮೊದಲು ಯಾರದ್ದಾದರೂ ಇಸಿದುಕೊಂಡು ನೋಡಿ. ಕಣ್ಣಿಗೂ ಗಾಜಿಗೂ ಇದರಲ್ಲಿ ಸಿಗುವ ಅಂತರ ಕಡಿಮೆ, ಕನ್ನಡಕದ ಮೇಲೆ ಇಟ್ಟರೆ ಸುತ್ತಲಿನ ಅಂಚು ಕಾಣುವುದಿಲ್ಲ. ಕನ್ನಡಕ ತೆಗೆದು ನೋಡಲು ತೊಂದರೆ ಇಲ್ಲದವರಿಗೆ, ಮೊದಲ ಬೈನಾಕ್ಯುಲರ್ ತಗೊಳ್ಳುವವರಿಗೆ, ನಾನು ಧೈರ್ಯವಾಗಿ ಇದನ್ನೇ ಹೇಳುತ್ತೇನೆ.