ಹೊಸ ಡೆಸ್ಕ್‌ಟಾಪಿಗೆ ಸರ್ವರ್ ಫೋಲ್ಡರ್ ಹಾಕಿಸಿದೆ, ಕೆಲಸ ಪಕ್ಕಾ

ವಿಜಯಪುರದ ಗಾಂಧಿ ಚೌಕದ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಶಾಲೆಗಳ ಪ್ರಶ್ನೆಪತ್ರಿಕೆ, ಸಂಕ್ರಾಂತಿ ಬಂತೆಂದರೆ ಸಿದ್ಧೇಶ್ವರ ಜಾತ್ರೆಯ ಬ್ಯಾನರ್, ಇದೇ ನಮ್ಮ ಕೆಲಸ. ಡಿಸೈನ್ ಎಲ್ಲ ಎರಡು ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಒಳಗಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡಿದ್ದೇವೆ, ಫೈಲುಗಳೆಲ್ಲ ಅದರಲ್ಲೇ. ಈ ವರ್ಷ ಟೈಪಿಂಗ್ ಮತ್ತು ಸ್ಕ್ಯಾನಿಂಗಿಗೆ ಅಂತ ಲಿನಕ್ಸ್ ಮಿಂಟ್ ಇರುವ ಹೊಸ ಡೆಸ್ಕ್‌ಟಾಪ್ ತಂದೆವು. ಅದರಿಂದ ಸರ್ವರಿನ ಫೋಲ್ಡರ್ ತೆರೆಯಬೇಕು, ಕೇಳಿದ್ದು ಅಷ್ಟೇ.

ಸ್ಟೇಷನ್ ರೋಡ್ ಕಡೆಯ ಈ ಸರ್ವಿಸ್ ಅಂಗಡಿಯವರನ್ನು ಕರೆಸುವ ಮೊದಲು ಬೇರೊಬ್ಬರು ಬಂದು ಹೋಗಿದ್ದರು. ಅರ್ಧ ಗಂಟೆಯಲ್ಲಿ ಫೋಲ್ಡರ್ ತೆರೆಯಿತು, ದುಡ್ಡು ಕೊಟ್ಟೆ. ಮರುದಿನ ಬೆಳಿಗ್ಗೆ ಡೆಸ್ಕ್‌ಟಾಪ್ ಆನ್ ಮಾಡಿದರೆ ಒಂದೂವರೆ ನಿಮಿಷ ಕಪ್ಪು ಪರದೆ, ಆಮೇಲೆ ಲಾಗಿನ್ ಬಂತು, ಫೋಲ್ಡರ್ ಮಾತ್ರ ಖಾಲಿ. ನಮ್ಮ ಟೈಪಿಂಗ್ ಹುಡುಗಿ ಆ ಖಾಲಿ ಫೋಲ್ಡರಿನಲ್ಲೇ ಇಡೀ ದಿನದ ಕೆಲಸ ಸೇವ್ ಮಾಡಿದಳು. ಸಂಜೆ ನೆಟ್‌ವರ್ಕ್ ಸರಿಯಾಗಿ ಹಳೆಯ ಫೈಲುಗಳು ವಾಪಸ್ ಬಂದವು, ಆ ದಿನ ಟೈಪ್ ಮಾಡಿದ್ದು ಒಂದೂ ಇಲ್ಲ! ಮೂರು ಲಗ್ನಪತ್ರಿಕೆ, ಒಂದು ಶಾಲೆಯ ಪ್ರಶ್ನೆಪತ್ರಿಕೆ. ಆಕೆ ಅತ್ತೇಬಿಟ್ಟಳು. ಆಕೆಯ ತಪ್ಪು ಏನೂ ಇರಲಿಲ್ಲ.

ಸ್ಟೇಷನ್ ರೋಡಿನ ಇವರು ಬಂದು ಮೊದಲು ಕೀಬೋರ್ಡ್ ಮುಟ್ಟಲಿಲ್ಲ, ಕುಳಿತು ಕೇಳಿದರು. ಎಷ್ಟು ಜನ ಕೆಲಸ ಮಾಡುತ್ತೀರಿ, ಒಂದೇ ಫೈಲನ್ನು ಇಬ್ಬರು ತೆರೆಯುತ್ತೀರಾ, ಬೆಳಿಗ್ಗೆ ಯಾವುದು ಮೊದಲು ಆನ್ ಆಗುತ್ತದೆ, ಕರೆಂಟ್ ಹೋದರೆ ಸರ್ವರಿಗೆ ಯುಪಿಎಸ್ ಇದೆಯಾ. ಆಮೇಲೆ ಕಳೆದುಹೋದ ಫೈಲುಗಳ ವಿಷಯ ಹೇಳಿದೆ. ತಕ್ಷಣ ಅವರಿಗೆ ಗೊತ್ತಾಯಿತು. ಸರ್ವರಿನ ಫೋಲ್ಡರನ್ನು ಡೆಸ್ಕ್‌ಟಾಪಿನ ಒಂದು ಖಾಲಿ ಫೋಲ್ಡರಿನ ಮೇಲೆ ಹೊದಿಸಿದ ಹಾಗೆ ಕೂರಿಸಿರುತ್ತಾರೆ, ಅದಕ್ಕೇ ಮೌಂಟ್ ಅನ್ನುವುದು. ಸರ್ವರ್ ಸಿಗದ ದಿನ ಆ ಹೊದಿಕೆ ಇರಲಿಲ್ಲ, ಫೈಲುಗಳು ಕೆಳಗಿನ ಖಾಲಿ ಫೋಲ್ಡರಿಗೆ ಹೋದವು, ಸಂಜೆ ಹೊದಿಕೆ ಬಂದಾಗ ಅವು ಅದರ ಕೆಳಗೆ ಮುಚ್ಚಿಹೋದವು. ಮೌಂಟ್ ತೆಗೆದು ತೋರಿಸಿದರು, ಎಲ್ಲ ಫೈಲುಗಳೂ ಅಲ್ಲೇ ಇದ್ದವು. ನನಗೆ ಅಲ್ಲಿಗೇ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಮತ್ತೆ ಹಾಗೆ ಆಗಬಾರದು ಅಂತ ಎರಡು ಕೆಲಸ ಮಾಡಿದರು. ಕೆಳಗಿನ ಖಾಲಿ ಫೋಲ್ಡರಿನಲ್ಲಿ ನಮ್ಮವರು ಯಾರೂ ಬರೆಯಲು ಆಗದಂತೆ ಪರ್ಮಿಷನ್ ಬಿಗಿ ಮಾಡಿದರು. ಎಫ್‌ಎಸ್‌ಟ್ಯಾಬ್ ಅನ್ನುವ, ಏನು ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿಡುವ ಫೈಲಿನ ಸಾಲಿಗೆ ನೋಫೇಲ್ ಮತ್ತು ಆಟೋಮೌಂಟ್ ಅನ್ನುವ ಸೆಟ್ಟಿಂಗ್ ಸೇರಿಸಿದರು. ಈಗ ಡೆಸ್ಕ್‌ಟಾಪ್ ಸರ್ವರಿಗಾಗಿ ಕಾಯುವುದಿಲ್ಲ, ಸೀದಾ ಆನ್ ಆಗುತ್ತದೆ. ಫೋಲ್ಡರ್ ಮೇಲೆ ಕ್ಲಿಕ್ ಮಾಡಿದಾಗಷ್ಟೇ ಸರ್ವರನ್ನು ಹುಡುಕುತ್ತದೆ, ಸಿಗದಿದ್ದರೆ ಎರರ್ ಕೊಡುತ್ತದೆ. ಖಾಲಿ ಫೋಲ್ಡರ್ ತೋರಿಸಿ ಮೋಸ ಮಾಡುವುದಕ್ಕಿಂತ ಎರರ್ ಕೊಡುವುದು ಎಷ್ಟೋ ವಾಸಿ, ಅಲ್ವಾ?

ಅವತ್ತು ಬೆಳಿಗ್ಗೆ ಸರ್ವರ್ ಯಾಕೆ ಸಿಗಲಿಲ್ಲ ಅನ್ನುವುದನ್ನೂ ಹುಡುಕಿದರು. ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ರೌಟರ್ ಸರ್ವರಿಗೆ ಬೇರೆ ಐಪಿ, ಅಂದರೆ ನೆಟ್‌ವರ್ಕಿನೊಳಗಿನ ವಿಳಾಸ, ಕೊಟ್ಟಿತ್ತು, ಡೆಸ್ಕ್‌ಟಾಪ್ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿತ್ತು. ಸಂಜೆ ಇನ್ನೊಂದು ಸಲ ಎಲ್ಲ ಆಫ್ ಆಗಿ ಆನ್ ಆದಾಗ ಹಳೆಯ ಐಪಿ ತಿರುಗಿ ಸಿಕ್ಕಿತ್ತು, ಅಷ್ಟೇ. ಈಗ ರೌಟರಿನಲ್ಲಿ ಆ ಐಪಿಯನ್ನು ಸರ್ವರಿಗೇ ಮೀಸಲಿಟ್ಟಿದ್ದಾರೆ.

ಇನ್ನೊಂದು ತೊಂದರೆ ಇತ್ತು. ನಾನು ಮಾಡಿದ ಫೈಲನ್ನು ಆಕೆ ತೆರೆಯಬಹುದು, ಸೇವ್ ಮಾಡಲು ಬರುತ್ತಿರಲಿಲ್ಲ. ಡೆಸ್ಕ್‌ಟಾಪಿಗೆ ಸರ್ವರಿನ ಫೋಲ್ಡರ್ ತೋರಿಸುವ ಈ ಎನ್‌ಎಫ್‌ಎಸ್, ಅಂದರೆ 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ತಂದ ನೆಟ್‌ವರ್ಕ್ ಫೈಲ್ ಸಿಸ್ಟಮ್, ಮಾಮೂಲಿ ಸೆಟ್ಟಿಂಗಿನಲ್ಲಿ ಯಾರ ಫೈಲು ಅಂತ ಹೆಸರಿನಿಂದಲ್ಲ, ಯೂಸರ್ ನಂಬರಿನಿಂದ ಗುರುತು ಹಿಡಿಯುತ್ತದೆ. ನನ್ನದು 1000, ಆಕೆಯದು 1001. ಹಿಂದೆ ಬಂದವರು ಎಲ್ಲದಕ್ಕೂ 777 ಅನ್ನುವ ಪರ್ಮಿಷನ್ ಕೊಟ್ಟು ಹೋಗಿದ್ದರು, ಅಂದರೆ ಯಾರು ಬೇಕಾದರೂ ಬರೆಯಬಹುದು. ಹೊಸ ಫೈಲುಗಳಿಗೆ ಅದು ತಾನಾಗಿ ಬರುವುದಿಲ್ಲ. ಇವರು ಎರಡೂ ಕಡೆ ಒಂದೇ ನಂಬರಿನ ಗ್ರೂಪ್ ಮಾಡಿ ನಮ್ಮಿಬ್ಬರನ್ನೂ ಅದರಲ್ಲಿ ಸೇರಿಸಿ, ಹೊಸ ಫೈಲುಗಳೂ ಆ ಗ್ರೂಪಿಗೇ ಹೋಗುವ ಹಾಗೆ ಮಾಡಿದರು. ನಮ್ಮ ನೆಟ್‌ವರ್ಕಿನ ಹೊರಗಿನವರಿಗೆ ಫೋಲ್ಡರ್ ತೆರೆಯದಂತೆಯೂ ಸರ್ವರಿನಲ್ಲಿ ಬರೆದರು. ಮೊದಲು ಅಲ್ಲಿ ಒಂದು ನಕ್ಷತ್ರ ಚಿಹ್ನೆ ಇತ್ತಂತೆ, ಎಲ್ಲರಿಗೂ ಬಾಗಿಲು ತೆರೆದ ಹಾಗೆ. ವಿಂಡೋಸ್ ಕಂಪ್ಯೂಟರುಗಳು ಮೊದಲಿನಂತೆ ಸಾಂಬಾ ಅನ್ನುವ ಬೇರೆ ಸಾಫ್ಟ್‌ವೇರ್ ಮೂಲಕವೇ ಅದೇ ಫೋಲ್ಡರ್ ನೋಡುತ್ತವೆ.

ವೇಗ ಕಮ್ಮಿ ಇದೆ ಅಂದಾಗ ಕೇಬಲ್ ನೋಡಿದರು. ಒಳಗೆ ನಾಲ್ಕು ಜೋಡಿ ತಂತಿ ಇರಬೇಕು, ಕನೆಕ್ಟರಿನಲ್ಲಿ ಎರಡೇ ಜೋಡಿ ಸರಿಯಾಗಿ ಕೂತಿದ್ದವು. ಎರಡು ಜೋಡಿಗೆ 100 ಎಂಬಿಪಿಎಸ್ ಮಾತ್ರ, ಅದರ ಹತ್ತು ಪಟ್ಟು ಇರುವ ಗಿಗಾಬಿಟ್ ವೇಗ ಬರುವುದಿಲ್ಲ. ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದರು, ಅಂದರೆ ಕನೆಕ್ಟರ್ ಒತ್ತಿ ಕೂರಿಸಿದರು. 600 ಎಂಬಿಯ ಬ್ಯಾನರ್ ಫೈಲ್ ಬರಲು ಮೊದಲು ಒಂದು ನಿಮಿಷದ ಹತ್ತಿರ ಬೇಕಿತ್ತು, ಈಗ ಏಳೆಂಟು ಸೆಕೆಂಡ್.

ಬೇಸರ ಆದ ವಿಷಯಗಳೂ ಇವೆ. ಹೇಳಿದ ದಿನಕ್ಕಿಂತ ಒಂದು ದಿನ ತಡವಾಗಿ ಬಂದರು, ಫೋನ್ ಮಾಡಿ ತಿಳಿಸಲಿಲ್ಲ. ಸೆಟ್ಟಿಂಗ್ ಎಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದು ತುಂಬಾ ಒಳ್ಳೆಯದು, ಆದರೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಮ್ಮ ಹುಡುಗಿ ಕೂತು ಅದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ. ಬ್ಯಾಕಪ್ ಬಗ್ಗೆ ನಾನೇ ಕೇಳಬೇಕಾಯಿತು. ಫೋಲ್ಡರ್ ನಾಲ್ಕು ಕಂಪ್ಯೂಟರಿನಲ್ಲಿ ಕಾಣಿಸಿದರೂ ಫೈಲು ಇರುವುದು ಒಂದೇ ಡಿಸ್ಕಿನಲ್ಲಿ, ಇದನ್ನು ಅವರೇ ಮೊದಲು ಹೇಳಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಸರ್ವರಿಗೂ ನೆಟ್‌ವರ್ಕ್ ಸ್ವಿಚ್ಚಿಗೂ ಯುಪಿಎಸ್ ಹಾಕಿ ಅಂದರು, ಮರುವಾರವೇ ಹಾಕಿಸಿದೆ. ಆಮೇಲೆ ಎರಡು ತಿಂಗಳಾಯಿತು, ಮದುವೆ ಸೀಸನ್ ಇಡೀ ಒಂದು ಫೈಲೂ ಕಳೆದಿಲ್ಲ. ಇವರನ್ನು ಕರೆಸುವವರು ರೌಟರಿನ ಪಾಸ್‌ವರ್ಡ್ ಮೊದಲೇ ಹುಡುಕಿ ಇಟ್ಟುಕೊಳ್ಳಿ. ನಮ್ಮಲ್ಲಿ ಅದು ಸಿಗದೆ ಸುಮ್ನೆ ಮುಕ್ಕಾಲು ಗಂಟೆ ಹೋಯಿತು.