ಡಿಸ್ಕ್ ಕೊಟ್ಟು ‘ಪ್ರೈಮರಿ ಅಕೌಂಟ್’ ತಗೊಳ್ಳಬೇಡಿ, ನಾನು ತಗೊಂಡು ಕೆಟ್ಟೆ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಗೇಮ್ ಡಿಸ್ಕ್ ತಗೊಂಡು ಬದಲಿಗೆ ‘ಪ್ರೈಮರಿ ಅಕೌಂಟ್’, ಅಂದ್ರೆ ಗೇಮ್ ತುಂಬಿದ ತನ್ನದೊಂದು ಆನ್‌ಲೈನ್ ಅಕೌಂಟಿನ ಹಂಚಿಕೆ, ಕೊಡೋ ಒಬ್ಬ ಮನುಷ್ಯನಿದ್ದಾನೆ. ಅವನ ವಾಟ್ಸಾಪ್ ಸ್ಟೇಟಸ್ ನೋಡಿಕೊಂಡು ಶಿವಮೊಗ್ಗದಲ್ಲಿ ಇನ್ನೂ ಯಾರ್‍ಯಾರು ಡಿಸ್ಕ್ ಹಿಡಿದು ಹೊರಟಿದ್ದಾರೋ.

ನನ್ನ ಹತ್ತಿರ ಪಿಎಸ್5ರ (ಸೋನಿ ಕಂಪನಿಯ ಗೇಮ್ ಮಷೀನು, ಪ್ಲೇಸ್ಟೇಷನ್ 5) ಆರು ಗೇಮ್ ಡಿಸ್ಕ್ ಇದ್ದವು. ಸ್ಪೈಡರ್‌ಮ್ಯಾನ್ 2, ಗಾಡ್ ಆಫ್ ವಾರ್ ರ್‍ಯಾಗ್ನರಾಕ್, ಎರಡೂ ಹೊಸದರಲ್ಲಿ 4,999 ರೂಪಾಯಿಯವು. ಆಡಿ ಮುಗಿಸಿ ಮಾರಿದರೆ ಅರ್ಧ ದುಡ್ಡಾದರೂ ವಾಪಸ್ ಬರುತ್ತಿತ್ತು. ಹಬ್ಬಕ್ಕೆ ಊರಿಗೆ ಹೊರಟರೆ ಬ್ಯಾಗಿನಲ್ಲಿ ಅವೂ ಬರುತ್ತಿದ್ದವು. ನಮ್ಮೂರು ತೀರ್ಥಹಳ್ಳಿಯಿಂದ ಆಚೆ. ಮಳೆಗಾಲದಲ್ಲಿ ಕೇಬಲ್ ಮೇಲೆ ಮರ ಬಿತ್ತು ಅಂದ್ರೆ ವಾರಗಟ್ಟಲೆ ನೆಟ್ ಇಲ್ಲ. ಅಲ್ಲಿ ಕೂತು 80 ಜಿಬಿ ಗೇಮ್ ಡೌನ್‌ಲೋಡ್ ಮಾಡೋಷ್ಟರಲ್ಲಿ ಅಡಿಕೆ ಕೊಯ್ಲೇ ಮುಗಿದಿರುತ್ತೆ.

ಇಷ್ಟೆಲ್ಲ ಗೊತ್ತಿದ್ದೂ ಬಿದ್ದೆ. ಅವನ ಮಾತೇ ಹಾಗಿತ್ತು. “ಅಣ್ಣ, ಡಿಸ್ಕ್ ಕಾಲ ಮುಗೀತು. ಪಿಎಸ್5 ಪ್ರೋಗೆ ಡಿಸ್ಕ್ ಹಾಕೋ ಜಾಗಾನೇ ಇಲ್ಲ, ನೋಡಿದ್ರಾ? ಇವತ್ತು ಕೊಟ್ರೆ ಬೆಲೆ. ಮುಂದಿನ ವರ್ಷ ಟೀ ಲೋಟದ ಕೆಳಗಿಡೋಕೆ ಆಗ್ತವೆ ಅಷ್ಟೆ.” ಪೂರ್ತಿ ಸುಳ್ಳೂ ಅಲ್ಲ. 2024ರ ನವೆಂಬರಿನಲ್ಲಿ ಬಂದ ಆ ಮಾಡೆಲ್‌ನಲ್ಲಿ ಡ್ರೈವ್ ಇಲ್ಲ. ಬೇಕಿದ್ದವರು ಬೇರೆ ತಂದು ಹಾಕಿಕೊಳ್ಳಬಹುದು ಅನ್ನೋದನ್ನು ಮಾತ್ರ ನುಂಗಿಬಿಟ್ಟ.

ಗೋಪಿ ಸರ್ಕಲ್ ಹತ್ತಿರ ಸಿಕ್ಕ. ಬೈಕಿನ ಮೇಲೆ ಕೂತೇ ಒಂದೊಂದು ಡಿಸ್ಕನ್ನೂ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಗೀರು ಹುಡುಕಿದ. ಒಂದಕ್ಕೆ ಮುಖ ಸಿಂಡರಿಸಿದ ಕೂಡ. ಆರು ಡಿಸ್ಕ್, ಮೇಲೆ 2,000 ರೂಪಾಯಿ ಕೊಟ್ಟೆ. ಅವನು ಅಷ್ಟು ನೋಡಿ ತಗೊಂಡ. ನಾನು ತಗೊಂಡಿದ್ದು ವಾಟ್ಸಾಪ್‌ನಲ್ಲಿ ಬಂದ ಒಂದು ಮೇಲ್ ಐಡಿ, ಒಂದು ಪಾಸ್‌ವರ್ಡ್. ಒಂಬತ್ತು ಗೇಮ್ ಇದೆ, ಲೈಫ್‌ಟೈಮ್ ಅಂದ. ಯಾರ ಲೈಫ್ ಅಂತ ಕೇಳಬೇಕಿತ್ತು.

ಎರಡು ತಿಂಗಳು ಚೆನ್ನಾಗೇ ಓಡಿತು. ಆಷಾಢದ ಒಂದು ಭಾನುವಾರ, ಹೊರಗೆ ಜಡಿಮಳೆ, ಹೊಸನಗರದಿಂದ ಅಕ್ಕನ ಮಗ ಬಂದಿದ್ದ. ಕಂಟ್ರೋಲರ್ ಅವನ ಕೈಗೆ ಕೊಟ್ಟು ಮಂಡಕ್ಕಿ ತರೋಕೆ ಒಳಗೆ ಹೋದೆ. “ಮಾವ, ಇದಕ್ಕೆ ಬೀಗ ಹಾಕಿದೆ” ಅಂದ. ಬಂದು ನೋಡಿದರೆ ಗೇಮಿನ ಚಿತ್ರದ ಮೇಲೆ ಪುಟ್ಟದೊಂದು ಬೀಗ. ಪಕ್ಕದ್ದಕ್ಕೆ ಹೋದೆ, ಅದಕ್ಕೂ ಬೀಗ. ಒಂಬತ್ತಕ್ಕೂ ಬೀಗ. ಗೇಮ್ ಎಲ್ಲ ಒಳಗೇ ಇದೆ, ಜಾಗ ತಿಂದುಕೊಂಡು ಕೂತಿದೆ, ಆಡೋಕೆ ಮಾತ್ರ ಇಲ್ಲ. ಹುಡುಗ ನನ್ನ ಮುಖ ನೋಡುತ್ತಾ ಇದ್ದ. ಸರ್ವರ್ ತೊಂದರೆ ಕಣೋ ಅಂದೆ.

ತೊಂದರೆ ಇಷ್ಟೆ. ಒಂದು ಅಕೌಂಟ್‌ನ ಗೇಮ್‌ಗಳನ್ನು ಬೇರೆಯವರ ಅಕೌಂಟ್‌ನಿಂದಲೂ ಆಡೋಕೆ ಬಿಡುವ ಶೇರಿಂಗ್ ಒಂದು ಸಲಕ್ಕೆ ಒಂದೇ ಪಿಎಸ್5ಗೆ ಇರೋದು. ಇವನು ‘ಪ್ರೈಮರಿ’ ಅಂತ ಮಾರಿದ್ದು ಅದನ್ನೇ. ಅಕೌಂಟ್ ಅವನದು, ಮೇಲ್ ಅವನದು, ಕೋಡ್ ಬರೋ ಫೋನೂ ಅವನದು. ಮನೆಯಲ್ಲಿ ಕೂತೇ ನನ್ನನ್ನು ಕಿತ್ತುಹಾಕಿ ಇನ್ನೊಬ್ಬರಿಗೆ ಕೊಡಬಹುದು. ಕೊಟ್ಟಿರುತ್ತಾನೆ.

ಮೆಸೇಜ್ ಹಾಕಿದೆ. ಅಲ್ಲಿಯವರೆಗೆ ‘ಅಣ್ಣ’ ಆಗಿದ್ದವನು ‘ಸರ್’ ಆದೆ. “ಸರ್ ನೀವೇ ಸೆಟ್ಟಿಂಗ್ ಮುಟ್ಟಿದ್ದೀರಾ.” ಮುಟ್ಟಿಲ್ಲ ಮಾರಾಯ ಅಂದೆ. “ವಾರಂಟಿ ಒಂದು ತಿಂಗಳು ಸರ್.” ಲೈಫ್‌ಟೈಮ್ ಅಂದಿದ್ದೆಯಲ್ಲ? “ಗೇಮ್ ಲೈಫ್‌ಟೈಮ್ ಸರ್, ಆಕ್ಟಿವೇಶನ್ ಅಲ್ಲ. 1,200 ಹಾಕಿ, ಮಾಡಿಕೊಡ್ತೀನಿ.” ಹಾಗಾದರೆ ನನ್ನ ಡಿಸ್ಕ್ ವಾಪಸ್ ಕೊಡು ಅಂದೆ. ಎರಡು ನೀಲಿ ಟಿಕ್. ಮಾರನೇ ದಿನ ಡಿಪಿಯೂ ಕಾಣಲಿಲ್ಲ. ಬ್ಲಾಕ್.

ಬ್ಯಾಂಕ್ ಕೌಂಟರಿನಲ್ಲಿ ಕೂತು ದಿನಾ ಬಂದವರಿಗೆಲ್ಲ ಒಟಿಪಿ ಬಗ್ಗೆ ಬುದ್ಧಿ ಹೇಳೋನು ನಾನು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು ಅಂತ ಹೆಂಡತಿ ಹೇಳುತ್ತಲೇ ಇದ್ದಾಳೆ. ಮಾಡಿ ಏನು ಹೇಳಲಿ? ಹೀಗೆ ಅಕೌಂಟ್ ಮಾರೋದು, ಕೊಳ್ಳೋದು ಕಂಪನಿ ನಿಯಮಕ್ಕೇ ವಿರುದ್ಧ. ಕಂಪನಿ ಸ್ಟೋರಿನಲ್ಲೇ ಪೂರ್ತಿ ದುಡ್ಡು ಕೊಟ್ಟರೂ ಸಿಗೋದು ಆಡುವ ಪರವಾನಗಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಅದನ್ನು ಮಾರುವಾಗಲೇ ಹೇಳಬೇಕು ಅಂತ ಕಾನೂನಿದೆ. ಡಿಸ್ಕ್ ಏನು ದೇವರಲ್ಲ, ಒಪ್ಪುತ್ತೇನೆ. ಸರ್ವರ್ ಇಲ್ಲದೆ ಓಡದ ದಿ ಕ್ರೂ ಅನ್ನೋ ಕಾರ್ ಗೇಮಿನ ಸರ್ವರ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ ಡಿಸ್ಕ್ ಇದ್ದವರೂ ಕೈಕಟ್ಟಿ ಕೂತರು. ಆದರೆ ನನ್ನ ಆರು ಡಿಸ್ಕ್ ನನ್ನ ಕಪಾಟಿನಲ್ಲಿದ್ದವು, ನೆಟ್ ಇಲ್ಲದ ಊರಲ್ಲೂ ಓಡುತ್ತಿದ್ದವು.

ಡಿಜಿಟಲ್ ಬೇಕಾ, ನಿಮ್ಮದೇ ಅಕೌಂಟಿಗೆ, ಸ್ಟೋರಿನಿಂದಲೇ ತಗೊಳ್ಳಿ. ಸೇಲ್ ಬರೋ ತನಕ ಕಾಯಿರಿ. ‘ಪ್ರೈಮರಿ’ ಅಂದವನ ಹತ್ತಿರ ಒಂದು ರೂಪಾಯಿಗೂ ಬೇಡ.

ಮೊನ್ನೆ ಗೆಳೆಯನ ಫೋನಿನಲ್ಲಿ ಅವನ ಸ್ಟೇಟಸ್ ನೋಡಿದೆ. ಸ್ಪೈಡರ್‌ಮ್ಯಾನ್ 2, ‘ಕಂಡೀಶನ್ ಸೂಪರ್, 2,800’. ಕವರಿನ ಮೂಲೆಯಲ್ಲಿ ಹಲಸಿನ ಮೇಣದ ಕಲೆ. ನನ್ನದೇ. ಆ ಫೋನಿನಿಂದಲೇ ಕೇಳಿಸಿದೆ, ಡಿಸ್ಕ್ ಬೇಡ, ಡಿಜಿಟಲ್ ಅಕೌಂಟ್ ಇದ್ಯಾ ಅಂತ. ತಕ್ಷಣ ಉತ್ತರ ಬಂತು. “ಡಿಸ್ಕೇ ತಗೊಳ್ಳಿ ಅಣ್ಣ. ಕೈಯಲ್ಲಿರುತ್ತೆ.”